ಅವಳ ಅಂಗೈಯಲ್ಲಿ ನಾನಿಟ್ಟ ಚಾವಿ

ಯಾರಾದರೂ ಚಾವಿ ಗೊಂಚಲನ್ನು ಟೇಬಲ್ಲಿನ ಮೇಲೆ ಎಸೆದರೆ ಈಗಲೂ ಬೆಚ್ಚಿಬೀಳುತ್ತೇನೆ. ಮನೆಯಲ್ಲಿ ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಬನಹಟ್ಟಿಯ ಒಂದು ಶಾಲೆಯಲ್ಲಿ ನಾನು ಆಟದ ಟೀಚರು. ನನ್ನ ಸೀಟಿ ಕೇಳಿದರೆ ಕಂಪೌಂಡಿನಾಚೆ ಮಗ್ಗದವರೂ ನೆಟ್ಟಗೆ ನಿಲ್ಲುತ್ತಾರೆ ಅಂತ ತಮಾಷೆ ಮಾಡುತ್ತಿದ್ದರು. ಬಾಯಿ ಅಷ್ಟು ಜೋರು. ಆ ಬಾಯಿಂದಲೇ ಶುರುವಾದದ್ದು ಎಲ್ಲ.

ಅವಳು ಎಂಟನೇ ಈಯತ್ತೆಯ ಹುಡುಗಿ. ಅವಳ ತಾಯಿ ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುವವಳು. ಖೋಖೋದಲ್ಲಿ ಅವಳನ್ನು ಮುಟ್ಟುವುದು ಯಾರಿಗೂ ಆಗುತ್ತಿರಲಿಲ್ಲ. ಮುಧೋಳದ ಪಂದ್ಯಕ್ಕೆ ತಯಾರಿ ನಡೆದಿತ್ತು. ಎರಡು ಸುತ್ತು ಓಡಿ ನನ್ನ ಹತ್ತಿರ ಬಂದಳು.

"ಅಕ್ಕೋರ, ಎದಿ ಡವಡವ ಅನ್ನಾಕತ್ತೈತ್ರಿ."

"ಓಡಿದ್ರ ಎಲ್ಲಾರ ಎದಿನೂ ಬಡಕೊಂತೈತಿ. ನಾಟಕ ಸಾಕು, ನಡಿ ಬೇ," ಅಂದೆ.

ನಡೆದಳು. ನಾಲ್ಕು ಹೆಜ್ಜೆ ಓಡಿದವಳು ಮುಗ್ಗರಿಸದೆ, ಕೂಗದೆ ಬಿದ್ದಳು. ಅದೇ ಹೊತ್ತಿಗೆ ಕರೆಂಟು ಹೋಗಿ ಊರ ಮಗ್ಗಗಳೆಲ್ಲ ನಿಂತವು. ನಮ್ಮೂರಲ್ಲಿ ಮಗ್ಗದ ಸದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ, ನಿಂತರೆ ಮಾತ್ರ ಗೊತ್ತಾಗುತ್ತದೆ. ಆ ಮೌನದಲ್ಲಿ ಅವಳ ಗಂಟಲಿನ ಗೊರಗೊರ ಸದ್ದೊಂದೇ ಕೇಳುತ್ತಿತ್ತು. ಕೈಕಾಲು ಅದುರುತ್ತಿದ್ದವು.

"ಮೂರ್ಛೆ ಬಂತು! ಕಬ್ಬಿಣ ಕೊಡ್ರಿ ಕೈಯಾಗ!" ಎಂದು ಯಾರೋ ಚೀರಿದರು. ನಮ್ಮ ಕಡೆ ಮೂರ್ಛೆ ಬಂದವರ ಮುಷ್ಟಿಯಲ್ಲಿ ಕಬ್ಬಿಣ ಇಡುವುದು ಅಜ್ಜಿಯರ ಕಾಲದ ರೂಢಿ. ಸೊಂಟದಲ್ಲಿದ್ದ ಶಾಲೆಯ ಚಾವಿ ಗೊಂಚಲು ಕಿತ್ತು ಅವಳ ಅಂಗೈಯಲ್ಲಿಟ್ಟೆ. ಬೆರಳು ಬಿಚ್ಚಿಕೊಳ್ಳುತ್ತಿದ್ದವು. ನಾನೇ ಮಡಚಿ, ನನ್ನೆರಡೂ ಕೈಯಿಂದ ಒತ್ತಿ ಹಿಡಿದೆ. ತಾಯಿ ಅಡುಗೆಮನೆಯಿಂದ ಓಡಿ ಬಂದು, ಉಳ್ಳಾಗಡ್ಡಿ ಜಜ್ಜಿ ಮಗಳ ಮೂಗಿಗೆ ಹಿಡಿದಳು. "ಏನಾಗಂಗಿಲ್ಲ ಯಕ್ಕಾ, ಈಗ ಇಳೀತೈತಿ ನೋಡು," ಅಂತ ಅವಳಿಗೆ ಧೈರ್ಯ ಬೇರೆ ಹೇಳಿದೆ. ಇಳಿಯಲಿ ಅಂತ ಎಲ್ಲರೂ ಸುತ್ತ ನಿಂತು ಕಾದೆವು. ಅದುರುವುದು ನಿಂತಿತು. "ಇಳೀತು" ಅಂದೆ, ಸಮಾಧಾನದಿಂದ. ದೇವರೇ, ಸಮಾಧಾನದಿಂದ!

ಜಮಖಂಡಿಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಅವಳ ಅಂಗೈಯಲ್ಲಿ ಚಾವಿಯ ಗುರುತು ಮೂಡಿತ್ತು. ಅದನ್ನು ನೋಡಿ ಅವರಿಗೆ ಎಲ್ಲ ತಿಳಿಯಿತು.

"ಇದು ಮೂರ್ಛೆ ಅಲ್ರಿ ಟೀಚರ. ಹೃದಯ ನಿಂತಾಗ ಮೊದಲಿಗೆ ಹಿಂಗ ಕೈಕಾಲು ಅದರತಾವು, ಗೊರಕಿ ಹೊಡದಂಗ ಉಸರು ಬರತೈತಿ. ಆಗಿಂದಾಗ ಎದಿ ಒತ್ತಬೇಕಿತ್ತು. ಶಾಕ್ ಕೊಡೂ ಮಶೀನ್ ಸಾಲ್ಯಾಗ ಇದ್ದಿದ್ರ ಉಳೀತಿದ್ಲೋ ಏನೋ."

ಹೊರಗೆ ಬಂದೆ. ತಾಯಿ ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಕೈಗೆ ಇನ್ನೂ ಉಳ್ಳಾಗಡ್ಡಿಯ ವಾಸನೆ. "ಮೂರ್ಛೆ ಜೋರ ಬಂದಿತ್ತೇನ್ರಿ ಅಕ್ಕೋರ?" ಎಂದಳು. ನಾನು "ಹೂಂ" ಅಂದೆ. ಇಲ್ಲ ಅಂದರೆ ಅವಳು ಹಿಡಿದ ಉಳ್ಳಾಗಡ್ಡಿಯಿಂದಲೂ ಹೊತ್ತು ಹೋಯಿತು ಅಂತ ಹೇಳಬೇಕಾಗುತ್ತಿತ್ತು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಖರೆ ಏನೆಂದರೆ, ನನ್ನ ಚಾವಿಯನ್ನು ಮುಚ್ಚಿಟ್ಟುಕೊಂಡೆ.

ಆ "ಹೂಂ" ನನ್ನನ್ನು ಬಿಡಲಿಲ್ಲ. ದಿನಾ ಮಧ್ಯಾಹ್ನ ಆಕೆ ನನ್ನ ತಟ್ಟೆಗೆ ಅನ್ನ ಹಾಕುವಾಗ ತಲೆ ಎತ್ತಿ ನೋಡುವುದಾಗುತ್ತಿರಲಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ಸಾಕು, ಗೊರಗೊರ ಸದ್ದು ಕೇಳುತ್ತಿತ್ತು.

ಮುಂದಿನ ವರ್ಷ ರಬಕವಿಯ ಸೀರೆ ವ್ಯಾಪಾರಿಯೊಬ್ಬರು ಶಾಲೆಗೆ ಒಂದು ಡಿಫಿಬ್ರಿಲೇಟರ್, ಅಂದರೆ ಡಾಕ್ಟರು ಹೇಳಿದ್ದ ಆ ಶಾಕ್ ಮಶೀನು, ಕೊಟ್ಟರು. ಅವರನ್ನು ಕಾಡಿ ಬೇಡಿದವಳು ನಾನೇ. ಮಕ್ಕಳು ಅದಕ್ಕೆ 'ಎದಿ ಮಶೀನ್' ಅಂತ ಹೆಸರಿಟ್ಟರು. ಹೆಡ್‌ಮಾಸ್ತರರು ಕುಂಕುಮ ಹಚ್ಚಿ, ಕಾಯಿ ಒಡೆದು, ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

"ಕೀಲಿ ಯಾಕ್ರಿ ಸರ?"

"ಹುಡುಗ್ರು ಕೆಡಸ್ತಾರ್ರಿ. ಚಾವಿ ನಿಮ್ಮ ಗೊಂಚಲದಾಗ ಇರ್ಲಿ, ಆತಿಲ್ಲೋ?"

ಜಗಳಕ್ಕೆ ಸದಾ ಸೆರಗು ಕಟ್ಟಿ ನಿಲ್ಲುವ ನಾನು ಅಂದು ಬಾಯಿ ಬಿಡಲಿಲ್ಲ. ಯಾಕೆ ಕೀಲಿ ಬೇಡ ಎಂದು ಹೇಳಹೊರಟರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಕಲಿಸಲು ಒಬ್ಬ ನರ್ಸಮ್ಮ ಬಂದರು. ಮಶೀನನ್ನು ಹೊರಗೆ ತರಿಸಿ ವರಾಂಡದಲ್ಲಿ ಮಕ್ಕಳನ್ನು ಕೂರಿಸಿದರು. ಎದೆ ಒತ್ತುವುದು, ಎರಡು ಪಟ್ಟಿ ಅಂಟಿಸುವುದು, ಆಮೇಲೆ ಅದೇ ಪರೀಕ್ಷೆ ಮಾಡಿ ಶಾಕ್ ಬೇಕೋ ಬೇಡವೋ ಹೇಳುತ್ತದೆ ಎಂದೆಲ್ಲ ತೋರಿಸಿದರು. ಕೊನೆಗೆ, "ಬಿದ್ದವರು ಅದರಾಕತ್ತಿದ್ರ ಮೂರ್ಛೆ ಅಂತ ಚಾವಿ ಹಿಡಸ್ಕೋತ, ಉಳ್ಳಾಗಡ್ಡಿ ಮೂಸಸ್ಕೋತ ಕುಂದರಬ್ಯಾಡ್ರಿ. ಅಷ್ಟೊತ್ತಿಗೆ ಜೀವ ಹೋಗಿರತೈತಿ," ಎಂದರು.

ಅಡುಗೆಮನೆಯ ಬಾಗಿಲಲ್ಲಿ ಆ ತಾಯಿ ನಿಂತಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು.

ಮಕ್ಕಳೆಲ್ಲ ಹೋದ ಮೇಲೆ ನನ್ನ ಹತ್ತಿರ ಬಂದಳು. "ನಿಮಗ ಗೊತ್ತಿತ್ತೇನ್ರಿ ಅಕ್ಕೋರ?"

"ಗೊತ್ತಿತ್ತು ಯಕ್ಕಾ. ಅವತ್ತ ಡಾಕ್ಟರು ಹೇಳಿದ್ರು. ಎದಿ ಡವಡವ ಅಂತೈತಿ ಅಂತ ಅಕಿ ನನಗ ಹೇಳಿದ್ಲು. ನಾನ ಬೈದು ಓಡಿಸಿದೆ."

ಆಕೆ ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿ, ಆಮೇಲೆ ಅದೇ ಕೈ ಚಾಚಿದಳು. "ಕಪಾಟದ ಚಾವಿ ಕೊಡ್ರಿ. ಇದಕ್ಕ ಇನ್ನ ಕೀಲಿ ಬ್ಯಾಡ."

ಕೊಟ್ಟೆ. ವರಾಂಡದಲ್ಲಿದ್ದ ಮಶೀನನ್ನು ಎತ್ತಿಕೊಂಡು, ಅಡುಗೆಮನೆಯ ಹೊರಗೋಡೆಯ ಗೂಟಕ್ಕೆ ತೂಗುಹಾಕಿದಳು. ಹೆಡ್‌ಮಾಸ್ತರರು ಬಂದು ಏನೋ ಹೇಳಹೊರಟವರು ಆಕೆಯ ಮುಖ ನೋಡಿ ಹಿಂದಿರುಗಿದರು. ಆ ಚಾವಿಯನ್ನು ಆಕೆ ನನಗೆ ಮರಳಿ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮೊನ್ನೆ ಮೈದಾನದಲ್ಲಿ ಒಬ್ಬ ಹುಡುಗಿ ಕಾಲು ಉಳುಕಿ ದೊಪ್ಪನೆ ಬಿದ್ದಳು. ಉಳುಕು ಅಷ್ಟೇ. ಆದರೆ ಬಿದ್ದ ಸದ್ದಿಗೆ ನಾನು ಓಡಿದೆ. ಅಡುಗೆಮನೆ ಕಡೆಯಿಂದ ಆಕೆಯೂ ಮಶೀನು ಹೊತ್ತು ಓಡಿ ಬಂದಳು. ಹುಡುಗಿ ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಆಕೆ ಅವಳ ಎದೆಯ ಮೇಲೆ ಕೈಯಿಟ್ಟು ನೋಡಿ, ಉಸಿರು ಬಿಟ್ಟು, ನನ್ನ ಕಡೆ ತಿರುಗಿದಳು.

"ಕೈಯಾಗಿಂದು ಕೆಳಗ ಇಡ್ರಿ, ಅಕ್ಕೋರ," ಎಂದಳು ಮೆಲ್ಲಗೆ.

ನೋಡಿದೆ. ಸೊಂಟದಿಂದ ಯಾವಾಗ ಕಿತ್ತೆನೋ, ಗೊಂಚಲು ನನ್ನ ಮುಷ್ಟಿಯಲ್ಲಿತ್ತು.