ಏದುಸಿರು ಬೇಡವೆಂದ ನಸೀಮಾ

ಜುಲೈ ತಿಂಗಳು, ಇಲ್ಲಿ ಚಳಿಗಾಲ. ಬೆಳಗಿನ ಐದೂಕಾಲು. ಆಕ್ಲೆಂಡಿನ ಏವನ್‌ಡೇಲ್‌ನಲ್ಲಿ ಬೆಳಕು ಹರಿಯಲು ಇನ್ನೂ ಎರಡು ತಾಸು ಬಾಕಿಯಿದೆ. ಪ್ರಾಥಮಿಕ ಶಾಲೆಯೊಂದರ ಉದ್ದನೆಯ ಕಾರಿಡಾರಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಬೆನ್ನಿಗೆ ಪಾಟೀಚೀಲದ ಹಾಗೆ ವ್ಯಾಕ್ಯೂಮ್ ಯಂತ್ರ ಕಟ್ಟಿಕೊಂಡ ನಸೀಮಾ ಬಾನು, ಪುಟ್ಟ ಮಕ್ಕಳ ಕೋಣೆಯ ಕಾರ್ಪೆಟ್ ಮೇಲೆ ಕೊಳವೆ ಆಡಿಸುತ್ತಿದ್ದಾರೆ. ಮಕ್ಕಳು ಬೂಟಿನಲ್ಲಿ ಹೊತ್ತು ತಂದ ಮರಳು ಕೊಳವೆಯೊಳಗೆ ಚರಚರ ಸದ್ದು ಮಾಡುತ್ತ ಹೋಗುತ್ತದೆ. ಹನ್ನೊಂದು ಕೋಣೆ, ಆರು ಶೌಚಾಲಯ, ಬಣ್ಣ ಮೆತ್ತಿದ ಒಂಬತ್ತು ಸಿಂಕು. ಏಳೂವರೆಗೆ ಮೊದಲ ಟೀಚರ್ ಕಾರು ಗೇಟಿನೊಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರಬೇಕು.

ಅವರ ತಲೆಗೆ ಬೂದು ಬಣ್ಣದ ಸ್ಕಾರ್ಫ್, ಕಾಲಿಗೆ ಹಿಮ್ಮಡಿ ಸವೆದ ಓಟದ ಬೂಟು. ಇಷ್ಟು ಬಗ್ಗಿ ಎದ್ದು ಕೆಲಸ ಮಾಡುವವರಿಗೆ ಬೇರೆ ವ್ಯಾಯಾಮ ಯಾಕೆ ಬೇಕು ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅವರಿಗೆಲ್ಲ ನಸೀಮಾ ಕೊಡುವ ಉತ್ತರ ಒಂದೇ. “ಕೆಲಸಾ ವ್ಯಾಯಾಮ ಅಲ್ರಿ. ಕೆಲಸದಾಗ ಈ ಮೈ ಸೂಪರ್‌ವೈಸರ್ ಮಾತು ಕೇಳತೈತಿ. ನಡಿಗ್ಯಾಗ ನಮ್ಮ ಮಾತು ಕೇಳತೈತಿ. ದಿನಕ್ಕ ಒಂದೀಟಾದ್ರೂ ಅದು ನಮ್ಮ ಮಾತು ಕೇಳಬೇಕು.”

ನಲವತ್ತೇಳರ ನಸೀಮಾ ಗದಗಿನವರು. ಅಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರದಲ್ಲಿ ಹದಿನಾರು ವರ್ಷ ಮಶೀನಿನ ಮುಂದೆ ಕೂತವರು. 2001ರಲ್ಲಿ ಗಂಡ ಮುಜಮ್ಮಿಲ್ ಮತ್ತು ಎಂಟು ವರ್ಷದ ಮಗಳು ಸಾದಿಯಾ ಜೊತೆ ಇಲ್ಲಿಗೆ ಬಂದರು. ಮುಜಮ್ಮಿಲ್‌ಗೆ ಟೈರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ನಂತರ ನಸೀಮಾಗೆ ನ್ಯೂ ಲಿನ್ ಕಡೆಯ ಖಾಸಗಿ ಜಿಮ್ ಒಂದರಲ್ಲಿ ಕ್ಲೀನರ್ ಕೆಲಸ ಸಿಕ್ಕಿತು. ಬೆವರು ಒರೆಸುವುದು, ಕನ್ನಡಿ ಒರೆಸುವುದು, ಒದ್ದೆ ಟವೆಲ್ ಎತ್ತುವುದು.

2004ರಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಮಾತ್ರೆ ಬರೆದ ಡಾಕ್ಟರು, ದಿನಕ್ಕೆ ಹತ್ತು ನಿಮಿಷ ನಡೆಯಿರಿ, ಆಮೇಲೆ ಮೆಲ್ಲಗೆ ಹೆಚ್ಚಿಸಿ ಎಂದರು. ಜಿಮ್‌ನ ಕೆಲಸದವರು ಶಿಫ್ಟ್ ಮುಗಿದ ಮೇಲೆ ಯಂತ್ರಗಳನ್ನು ಬಳಸಬಹುದಿತ್ತು. “ಡಾಕ್ಟರ್ ಹತ್ತು ನಿಮಿಷ ಅಂದ್ರು, ನಾ ಒಂದೂವರಿ ತಾಸು ಮಾಡ್ದೆ” ಎಂದು ನಸೀಮಾ ನಗುತ್ತಾರೆ. “ಹತ್ತು ನಿಮಿಷದಾಗ ಚೂರು ಆರಾಮ ಆಗೂದಾದ್ರ, ಒಂದೂವರಿ ತಾಸಿನ್ಯಾಗ ಪೂರಾ ಆರಾಮ ಆಗತೈತಿ ಅಂತ ತಿಳ್ಕೊಂಡಿದ್ದೆ. ಊಟಾನೂ ಅರ್ಧಾ ಮಾಡ್ದೆ. ಸುತ್ತಲಿನ ಮಂದಿ ಓಡೂದು ನೋಡಿ ನನಗೂ ಹುಚ್ಚು ಹಿಡೀತು.”

ಮೊದಲ ವಾರ ಮೈ ಹಗುರಾಯಿತು. ಎರಡನೇ ವಾರ ಪಾದ ನೋಯತೊಡಗಿತು. ನೋವು ಬಂದರೆ ಗುಣವಾಗುತ್ತಿದೆ ಎಂದೇ ಅರ್ಥ ಎಂದು ಯಾರೋ ಹೇಳಿದ್ದನ್ನು ನಂಬಿ ಓಡಿದರು. ಮೂರನೇ ವಾರ ಬಸ್ ಸ್ಟಾಪಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದರು. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಎಕ್ಸ್‌ರೇ ತೆಗೆದಾಗ ಪಾದದ ಮೂಳೆಯಲ್ಲಿ ಕೂದಲೆಳೆಯ ಬಿರುಕು ಕಂಡಿತು. ಆರು ವಾರ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಕಿಟಕಿಯ ಪಕ್ಕ ಕೂತು, ಇನ್ನು ವ್ಯಾಯಾಮದ ಹೆಸರೆತ್ತುವುದಿಲ್ಲ ಎಂದು ಮುಜಮ್ಮಿಲ್ ಮುಂದೆ ಆಣೆ ಮಾಡಿದರು.

ಆ ಆಣೆ ಮುರಿಸಿದವರು ಮೆಲೆ ಎಂಬ ಟೊಂಗಾದ ಫಿಜಿಯೋ. ಪಟ್ಟಿ ಬಿಚ್ಚಿದ ದಿನ ಅವರು ನಸೀಮಾರನ್ನು ಬೀದಿಗೆ ಕರೆದುಕೊಂಡು ಹೋಗಿ ಒಂದು ಲೈಟ್ ಕಂಬ ತೋರಿಸಿದರು. ಇವತ್ತು ಅಲ್ಲಿಯವರೆಗೆ ಹೋಗಿ ವಾಪಸ್ ಬಾ. ನಾಳೆಯೂ ಅಷ್ಟೇ. ಬೇಜಾರು ಬಂದ ಮೇಲೆ ಎರಡನೇ ಕಂಬ. ನಡೆಯುವಾಗ ಮಾತಾಡಲು ಆಗದಿದ್ದರೆ ವೇಗ ಜಾಸ್ತಿಯಾಯಿತು ಎಂದೇ ತಿಳಿ. ಮಾತಾಡಲು ಜೊತೆಗೆ ಯಾರೂ ಇರಲಿಲ್ಲ. ನಸೀಮಾ ಒಬ್ಬರೇ ಗಟ್ಟಿಯಾಗಿ ಮಾತಾಡಿಕೊಂಡು ನಡೆದರು. ಗದಗಿನ ಹುಡುಗಿಯರಿಗೆ ಕಲಿಸಿದ ರವಿಕೆಯ ಅಳತೆಗಳನ್ನು ಒಂದೊಂದಾಗಿ ಒಪ್ಪಿಸುತ್ತ ನಡೆದರು. ಸಾದಿಯಾ ಮಾತ್ರ “ಮಮ್, ಪೀಪಲ್ ಆರ್ ಸ್ಟೇರಿಂಗ್” ಎಂದು ಮನೆಯೊಳಗಿನಿಂದ ಕರೆಯುತ್ತಿದ್ದಳು.

ನೋಡುವವರು ಬರೀ ನೋಡಿ ಸುಮ್ಮನಿರಲಿಲ್ಲ. ಒಂದು ದಿನ ಹಿಂದುಗಡೆಯಿಂದ ಬಂದ ಪಿಕಪ್ ಗಾಡಿಯೊಂದು ನಿಧಾನವಾಯಿತು, ಅದರಲ್ಲಿದ್ದವನೊಬ್ಬ ಅವರ ಸ್ಕಾರ್ಫ್ ಕಡೆ ಕೈ ತೋರಿಸಿ “ಗೋ ಹೋಮ್” ಎಂದು ಕೂಗಿದ. ನಸೀಮಾ ನಿಂತರು. “ಮನೀಗೇ ಹೊಂಟೀನಪ್ಪಾ, ಮುಂದಿನ ತಿರುವಿನ್ಯಾಗ ಐತಿ ಅಂತ ಇಂಗ್ಲಿಷಿನಾಗ ಹೇಳ್ದೆ. ಅವ ಗಾಡಿ ತಗೊಂಡು ಹ್ವಾದ.” ಮರುದಿನ ಅದೇ ಹೊತ್ತಿಗೆ ಅದೇ ಬೀದಿಗೆ ಅವರು ಬೇಕೆಂದೇ ಹೋದರು. ಅದರ ಮರುದಿನವೂ ಹೋದರು. ಎಂಟು ತಿಂಗಳಲ್ಲಿ ಅವರ ನಡಿಗೆ ಒಂದು ಕಂಬದಿಂದ ನಲವತ್ತು ನಿಮಿಷಕ್ಕೆ ಬೆಳೆಯಿತು. ಅಲ್ಲಿಗೆ ನಿಲ್ಲಿಸಿದರು. ಇವತ್ತಿಗೂ ಅದು ನಲವತ್ತೇ.

ಕೆಲಸ ಕಳೆದುಕೊಂಡ ಪ್ರಸಂಗವನ್ನು ಅವರು ತಾವಾಗಿ ಹೇಳುವುದಿಲ್ಲ. ಕೇಳಿದರೆ ಮಾತ್ರ ಮುಚ್ಚಿಡುವುದಿಲ್ಲ. 2006ರ ಸೆಪ್ಟೆಂಬರ್. ಜಿಮ್‌ನಲ್ಲಿ ಹನ್ನೆರಡು ವಾರಗಳಲ್ಲಿ ಮೈ ಇಳಿಸುವ ಪಂದ್ಯ ನಡೆಯುತ್ತಿತ್ತು. ಮೈಸೂರಿನಿಂದ ಬಂದು ಮಗನ ಮನೆಯಲ್ಲಿದ್ದ ಅರವತ್ತೊಂದರ ಹಂಸಾ ಅವರನ್ನು ಮಗನೇ ಸೇರಿಸಿದ್ದ, ಹುಟ್ಟುಹಬ್ಬದ ಉಡುಗೊರೆಯಾಗಿ. ಆ ಬೆಳಿಗ್ಗೆ ಹಂಸಾ ಟ್ರೆಡ್‌ಮಿಲ್ ಮೇಲಿದ್ದರು. ತರುಣ ಟ್ರೇನರ್ ಪಕ್ಕದಲ್ಲಿ ನಿಂತು ಇನ್ನೆರಡು ನಿಮಿಷ, ಇನ್ನೆರಡೇ ನಿಮಿಷ ಎನ್ನುತ್ತಿದ್ದ. ಸುತ್ತ ನಿಂತವರು ಹುರಿದುಂಬಿಸುತ್ತಿದ್ದರು.

ನಸೀಮಾ ಎದುರಿನ ಕನ್ನಡಿ ಒರೆಸುತ್ತಿದ್ದರು. ಕನ್ನಡಿಯಲ್ಲಿ ಆ ಮುಖ ಬಿಳಚಿಕೊಂಡದ್ದು ಕಂಡಿತು. ಮರುಗಳಿಗೆ ಕಿವಿಗೆ ಬಿದ್ದದ್ದು ಒಂದು ಸಣ್ಣ ದನಿ. ಸಾಕು. ಮತ್ತೆ, ಸಾಕು. ಆ ದೊಡ್ಡ ಹಾಲಿನಲ್ಲಿ ಆ ಪದ ಅರ್ಥವಾಗುವವರು ಇನ್ನೊಬ್ಬರಿರಲಿಲ್ಲ. ನಸೀಮಾ ಬಟ್ಟೆ ಬಿಸಾಕಿ ಹೋಗಿ ಯಂತ್ರದ ಕೆಂಪು ಗುಂಡಿ ಒತ್ತಿದರು. ಬೆಲ್ಟ್ ನಿಂತಿತು. ಹಂಸಾ ನಸೀಮಾರ ತೋಳಿನ ಮೇಲೆ ಕುಸಿದರು.

“ಸ್ಟಾಪ್ ಅನ್ನೋ ಪದ ಗೊತ್ತಿರಲಿಲ್ವಾ ನಂಗೆ? ಗೊತ್ತಿತ್ತು” ಎಂದು ಹಂಸಾ ಈಗ ನೆನೆಸಿಕೊಳ್ಳುತ್ತಾರೆ. “ಎಲ್ರೂ ಚಪ್ಪಾಳೆ ತಟ್ತಿದ್ರು, ನಿಲ್ಲಿಸಿ ಅನ್ನೋಕೆ ನಾಚಿಕೆ ಆಯ್ತು. ಆಮೇಲೆ ಉಸಿರು ಕಟ್ಟಿತು ನೋಡಿ, ಆಗ ಬಾಯಿಗೆ ಬಂದಿದ್ದು ಕನ್ನಡ ಒಂದೇ.”

ಟ್ರೇನರ್ ಮೊದಲು ನಸೀಮಾ ಮೇಲೆ ರೇಗಿದ. ಆಮೇಲೆ ಹಂಸಾರ ನೀಲಿಗಟ್ಟಿದ ತುಟಿ ನೋಡಿ ಆಂಬುಲೆನ್ಸ್ ಕರೆಯಲು ಓಡಿದ. ಹೃದಯದ ಒಂದು ರಕ್ತನಾಳ ಮುಕ್ಕಾಲು ಪಾಲು ಕಟ್ಟಿಕೊಂಡಿದೆ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಅದೇ ದಿನ ಸ್ಟೆಂಟ್ ಹಾಕಿದರು.

ನಾಲ್ಕು ದಿನದ ನಂತರ ಮ್ಯಾನೇಜರ್ ನಸೀಮಾರನ್ನು ಆಫೀಸಿಗೆ ಕರೆದು ಒಂದು ಕಾಗದ ಮುಂದಿಟ್ಟರು. ಸದಸ್ಯರು ಬಳಸುತ್ತಿರುವ ಯಂತ್ರವನ್ನು ಕ್ಲೀನಿಂಗ್ ಸಿಬ್ಬಂದಿ ಮುಟ್ಟಿದ್ದು ತಪ್ಪು, ಇದು ಮೊದಲನೇ ಎಚ್ಚರಿಕೆ, ಕೆಳಗೆ ಸಹಿ ಮಾಡಿ ಎಂದು ಅದರಲ್ಲಿತ್ತು. ಆಯಮ್ಮನ ಜೀವ ಹೋಗಿದ್ದರೆ ಸಹಿ ಯಾರದ್ದಿರುತ್ತಿತ್ತು ಎಂದು ನಸೀಮಾ ಕೇಳಿದರು. ಮ್ಯಾನೇಜರ್ ಕಾಗದವನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು. ಆಗ ನಸೀಮಾ ಪೆನ್ನು ತೆಗೆದುಕೊಂಡು, ಸಹಿಯ ಜಾಗದಲ್ಲಿ ಕನ್ನಡದಲ್ಲಿ ಬರೆದರು: ನಾನು ಮಾಡಿದ್ದು ಸರಿ. ಮತ್ತೆ ಬೇಕಾದರೆ ಮತ್ತೆ ಮಾಡುತ್ತೇನೆ.

“ಇದೇನು ಬರ್ದಿ ಅಂತ ಕೇಳಿದ್ರು. ಓದಾಕ ಬರೂವಂಥವರನ್ನ ಹುಡುಕಿ ಓದಿಸ್ಕೋರಿ ಅಂದೆ.”

ಮುಂದಿನ ವಾರದ ಪಾಳಿಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅದರ ಮುಂದಿನ ವಾರವೂ ಇರಲಿಲ್ಲ. ಇನ್ನು ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಶಾಲೆಯ ಕೆಲಸ ಸಿಗುವವರೆಗೆ ಮೂರು ತಿಂಗಳು ಮನೆಯಲ್ಲಿದ್ದರು. ಆ ಮೂರು ತಿಂಗಳಲ್ಲಿ ನಡಿಗೆ ಒಂದು ದಿನವೂ ತಪ್ಪಲಿಲ್ಲ.

ನವೆಂಬರಿನ ಒಂದು ಭಾನುವಾರ, ಏವನ್‌ಡೇಲ್ ಸಂತೆಯಲ್ಲಿ ಸೊಪ್ಪು ಆರಿಸುತ್ತಿದ್ದಾಗ ಯಾರೋ ಹಿಂದಿನಿಂದ ಮೊಣಕೈ ಹಿಡಿದರು. ತಿರುಗಿದರೆ ಹಂಸಾ. ನಸೀಮಾರ ಕೆಲಸ ಹೋದ ಸುದ್ದಿ ಅವರಿಗೆ ಆಗಷ್ಟೇ ಗೊತ್ತಾಗಿತ್ತು. ಸಂತೆಯ ನಡುವೆ ನಿಂತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: “ಡಾಕ್ಟ್ರು ನಿಧಾನಕ್ಕೆ ನಡೀರಿ ಅಂದಿದಾರೆ. ನನ್ನ ಮಗ ಹೆದರಿ ಹೋಗಿದಾನೆ, ಗೇಟ್ ದಾಟೋಕೆ ಬಿಡಲ್ಲ. ನಿನ್ನ ಜೊತೆ ಆದ್ರೆ ಬಿಡ್ತಾನೆ ಕಣಮ್ಮ.”

“ಹತ್ತು ನಿಮಿಷ ಅಷ್ಟ ನೋಡ್ರಿ ಆಂಟಿ” ಎಂದರು ನಸೀಮಾ. “ಹನ್ನೊಂದು ಅಂದ್ರ ನಾ ಬರೂದಿಲ್ಲ.”

ಇಬ್ಬರಿಂದ ಶುರುವಾದ ನಡಿಗೆಯಲ್ಲಿ ಈಗ ಇಪ್ಪತ್ಮೂರು ಜನರಿದ್ದಾರೆ. ಶಾಲೆಯ ಕೆಲಸ ಮುಗಿಸಿದ ನಸೀಮಾ ಎಂಟೂಕಾಲಿಗೆ ಹೊಳೆದಂಡೆಯ ಪಾರ್ಕಿಗೆ ಬರುತ್ತಾರೆ. ಅಷ್ಟರಲ್ಲಿ ಸೀರೆಯ ಮೇಲೆ ಮಳೆಕೋಟು ತೊಟ್ಟವರು, ಮೊಣಕಾಲಿಗೆ ಪಟ್ಟಿ ಕಟ್ಟಿದವರು, ಹೆರಿಗೆಯಾಗಿ ನಾಲ್ಕಾರು ತಿಂಗಳಾದ ಎಳೆಯ ತಾಯಂದಿರು ಬಂದು ನಿಂತಿರುತ್ತಾರೆ. ಎಲ್ಲರಿಗಿಂತ ಹಿರಿಯರಾದ ಶಾಂತಾ ಅವರಿಗೆ ಎಪ್ಪತ್ನಾಲ್ಕು. ಹೊಸಬರು ಮೊದಲು ಡಾಕ್ಟರನ್ನು ಕೇಳಿ ಬರಬೇಕು. ಗಂಟೆಗಟ್ಟಲೆ ನಡೆಯಬಲ್ಲವರಾದರೂ ಮೊದಲ ವಾರ ಹತ್ತೇ ನಿಮಿಷ. ಇಲ್ಲಿ ಯಾರೂ ಯಾರ ತೂಕವನ್ನೂ ಕೇಳುವಂತಿಲ್ಲ. ಮೈ ಹುಷಾರಿಲ್ಲದ ದಿನ ಬಂದರೆ ಬೈಗುಳ ಖಾತ್ರಿ. ಮಾತು ನಿಲ್ಲುವಷ್ಟು ಜೋರಾಗಿ ನಡೆದರೂ ಬೈಗುಳ ತಪ್ಪಿದ್ದಲ್ಲ.

ಬೆಂಗಳೂರಿನ ನಿವೃತ್ತ ಎಂಜಿನಿಯರ್ ವಾಸುದೇವ ಮೊದಮೊದಲು ಇವರನ್ನು ದಾಟಿ ಓಡುತ್ತಿದ್ದವರು. ಒಮ್ಮೆ ನಿಂತು “ಏನಮ್ಮಾ ಇದು, ವ್ಯಾಯಾಮನಾ ಇಲ್ಲ ಹರಟೆ ಕಟ್ಟೆನಾ?” ಎಂದು ಕೇಳಿದರು. “ಎರಡೂ ರಿ ಅಂಕಲ್” ಎಂದರು ನಸೀಮಾ. “ಹರಟಿ ನಿಂತ್ರ ವ್ಯಾಯಾಮ ಜಾಸ್ತಿ ಆಗೇತಿ ಅಂತ ಅರ್ಥ.” ಎರಡು ತಿಂಗಳ ಬಳಿಕ ಮೊಣಕಾಲು ಊದಿಸಿಕೊಂಡು ವಾಸುದೇವ ಅದೇ ಗುಂಪಿನ ಕೊನೆಯ ಸಾಲಿಗೆ ಬಂದು ಸೇರಿದರು. ಈಗಲೂ ಆಗಾಗ ಕಾಲು ತಡೆಯದೆ ಮುಂದೆ ಹೋಗಿಬಿಡುತ್ತಾರೆ. “ಅಂಕಲ್, ಹಿಂದ ಬರ್ರಿ” ಎಂಬ ಕೂಗು ಕೇಳಿದರೆ ಶಾಲಾ ಹುಡುಗನಂತೆ ವಾಪಸಾಗುತ್ತಾರೆ.

ಕಳೆದ ವರ್ಷ ಇಲ್ಲಿಯ ಕನ್ನಡ ಸಂಘದವರು ಹತ್ತು ಕಿಲೋಮೀಟರ್ ಓಟಕ್ಕೆ ಇಡೀ ಗುಂಪನ್ನು ಕರೆತನ್ನಿ, ಎಲ್ಲರಿಗೂ ಟೀ ಶರ್ಟು, ನಿಮಗೆ ವೇದಿಕೆಯಲ್ಲಿ ಶಾಲು ಎಂದು ಆಹ್ವಾನಿಸಿದರು. ನಸೀಮಾ ಒಪ್ಪಲಿಲ್ಲ. ಸಂಘಕ್ಕೆ ಮರ್ಯಾದೆ ಕೊಡಲಿಲ್ಲ ಎಂದು ಕೆಲವರು ಮುನಿಸಿಕೊಂಡರು, ಮೂವರು ಗುಂಪು ಬಿಟ್ಟರು. “ಓಡೂವರು ಓಡ್ಲಿ, ನನ್ನ ಅಡ್ಡಿ ಇಲ್ಲ. ಆದ್ರ ನನ್ನ ಮಂದಿನ್ನ ಚಪ್ಪಾಳಿ ಸಲುವಾಗಿ ನಾ ಓಡಸೂದಿಲ್ಲ. ಒಂದಿನಾ ಜೋರ್ ಓಡಿ ಒಂದ್ ತಿಂಗಳಾ ಮಲಗೂದಕ್ಕಿಂತ, ದಿನಾ ಬರೂದು ದೊಡ್ಡದು.” ಬಿಟ್ಟುಹೋದ ಮೂವರಲ್ಲಿ ಒಬ್ಬರು ಮರಳಿ ಬಂದಿದ್ದಾರೆ. ಇಬ್ಬರು ಬಂದಿಲ್ಲ. ಅವರನ್ನು ಕಂಡರೆ ನಸೀಮಾ ಈಗಲೂ ಕೈ ಬೀಸುತ್ತಾರೆ.

ಅವರ ಸಕ್ಕರೆ ಪೂರ್ತಿ ಹೋಗಿಲ್ಲ. ಮಾತ್ರೆ ಎರಡಿದ್ದದ್ದು ಒಂದಾಗಿದೆ, ಅದನ್ನೂ ಡಾಕ್ಟರೇ ಇಳಿಸಿದ್ದು. ಮಳೆಗಾಲದ ಚಳಿಯಲ್ಲಿ ಹಳೆಯ ಮೂಳೆ ನೋಯುತ್ತದೆ, ಆ ದಿನ ಇಪ್ಪತ್ತೇ ನಿಮಿಷ ನಡೆದು ನಿಲ್ಲಿಸುತ್ತಾರೆ. ಗೆದ್ದಿರಾ ಎಂದು ಕೇಳಿದರೆ, ಇದರಲ್ಲಿ ಗೆಲ್ಲುವುದು ಏನಿದೆ, ನಾಳೆ ಮತ್ತೆ ಬರಬೇಕಲ್ಲ ಎನ್ನುತ್ತಾರೆ.

ಅವರಿಗೆ ಬೇಕಾಗಿರುವುದು ಒಂದು ಬೆಂಚು. ಹೊಳೆದಂಡೆಯ ದಾರಿಯ ಎರಡು ತುದಿಯಲ್ಲಿ ಬೆಂಚುಗಳಿವೆ, ನಡುವಿನ ಒಂಬೈನೂರು ಮೀಟರಿನಲ್ಲಿ ಒಂದೂ ಇಲ್ಲ. ನಗರ ಕೌನ್ಸಿಲ್‌ಗೆ ಮೂರು ಅರ್ಜಿ ಬರೆದಿದ್ದಾರೆ. ಇಂಗ್ಲಿಷ್ ತಿದ್ದಿಕೊಟ್ಟವಳು, ಈಗ ಹದಿನೈದರ ಸಾದಿಯಾ. ಇದು ವ್ಯಾಯಾಮದ ದಾರಿ, ವಿಶ್ರಾಂತಿಯ ಜಾಗವಲ್ಲ ಎಂದು ಒಮ್ಮೆ ಉತ್ತರ ಬಂತು. ಆವತ್ತಿನಿಂದ ನಸೀಮಾ ದಿನವೂ ಮನೆಯಿಂದ ಎರಡು ಮಡಚು ಕುರ್ಚಿ ಹೊತ್ತು ತಂದು ದಾರಿಯ ನಟ್ಟನಡುವಿನ ಮರದ ಕೆಳಗೆ ಬಿಚ್ಚಿಡುತ್ತಾರೆ. ಇಲ್ಲಿ ಕುರ್ಚಿ ಇಡುವಂತಿಲ್ಲ ಎಂದು ಪಾರ್ಕಿನ ಸಿಬ್ಬಂದಿ ಎರಡು ಸಲ ಹೇಳಿಯಾಗಿದೆ.

“ಕೂಡಾಕ ಜಾಗಾ ಇದ್ರ ನಡಿಯಾಕ ಮಂದಿ ಬರ್ತಾರ್ರಿ, ಇಷ್ಟೂ ತಿಳೀಲಿಲ್ಲಂದ್ರ ಹೆಂಗ?” ಎನ್ನುತ್ತ ನಸೀಮಾ, ಶಾಂತಾ ಅವರ ಕೈ ಹಿಡಿದು ಒಂದು ಕುರ್ಚಿಯಲ್ಲಿ ಕೂರಿಸುತ್ತಾರೆ. ಇನ್ನೊಂದರ ಮೇಲಿನ ಇಬ್ಬನಿಯನ್ನು ಅಂಗೈಯಿಂದ ಒರೆಸುತ್ತಾರೆ. “ನಾಲ್ಕನೇ ಅರ್ಜಿ ಬರದೀನಿ. ಅವ್ರು ಬೆಂಚ್ ಹಾಕೂ ತನಾ ನಾ ಕುರ್ಚಿ ತರಾಕಿನ.”