ಯಾವ ತಿಂಗಳ ಕಸುಬು?

ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ಹೋಗುವ ಬಸ್ಸು ಮೊನ್ನೆ ಶ್ರೀರಂಗಪಟ್ಟಣ ದಾಟಿ ಬಾಬುರಾಯನಕೊಪ್ಪಲಿಗೆ ಬರುವಷ್ಟರಲ್ಲಿ ಪಂಕ್ಚರಾಗಿ ನಿಂತಿತು. ನಾನು ಅಕ್ಕನ ಮನೆಗೆ ಹೊರಟಿದ್ದೆ. ಅವಳ ಮಗಳಿಗೆ ಒಂದು ಸಂಬಂಧ ಬಂದಿತ್ತು. ಮಾತಿಗೆ ಸೋದರಮಾವನೂ ಇರಲಿ ಎಂದು ಭಾವ ಹೇಳಿಕಳಿಸಿದ್ದರು. ಸ್ಟೆಪ್ನಿ ಹಾಕುವ ತನಕ ರಸ್ತೆ ಬದಿಯಲ್ಲಿ ನಿಂತವನ ಕಣ್ಣಿಗೆ ಒಂದು ಅಂಗಡಿಯ ಬೋರ್ಡು ಬಿತ್ತು. ಝೆರಾಕ್ಸ್ ಮಾಡಲಾಗುವುದು. ರವಿಕೆ ಹೊಲಿಯಲಾಗುವುದು. ಮದುವೆಗೆ ಪಾತ್ರೆ ಬಾಡಿಗೆಗೆ ಕೊಡಲಾಗುವುದು. ನಾಟಿ ಕೋಳಿ ಮೊಟ್ಟೆ ಸಿಗುತ್ತದೆ. ಪಕ್ಕದಲ್ಲಿ ನಿಂತಿದ್ದ ಪ್ರಯಾಣಿಕರೊಬ್ಬರು ಅದನ್ನು ಜೋರಾಗಿ ಓದಿ, ಇದರಲ್ಲಿ ಒಂದಾದರೂ ನೆಟ್ಟಗೆ ಬರುತ್ತೋ ಇಲ್ಲವೋ ಎಂದು ನಕ್ಕರು. ನೀವು ಅಲ್ಲಿದ್ದರೆ ನೀವೂ ನಗುತ್ತಿದ್ದಿರಿ. ನಾನು ಮಾತ್ರ ನಗಲಿಲ್ಲ. ಅದೇ ನಗೆಯನ್ನು ನಾನು ಬಹಳ ಹಿಂದೆ ಒಮ್ಮೆ ನಕ್ಕು ಮುಗಿಸಿದ್ದೇನೆ.

ತೊಂಬತ್ತರ ದಶಕದ ಮಾತು. ನಮ್ಮೂರು ಪಾಂಡವಪುರದ ಹತ್ತಿರ, ನಾಲೆಯ ಬದಿಗೇ ಇದೆ. ನಾಲೆ ಬಯಲಿನವರ ಜಂಬ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ನೀರು ನಮ್ಮ ಗದ್ದೆಗೆ ಬರುವುದಲ್ಲ, ನಮ್ಮನ್ನು ನೋಡಿಕೊಂಡು ಹೋಗಲು ಬರುತ್ತದೆ ಎಂದು ನಾವು ತಿಳಿದಿದ್ದೆವು. ನೀರಿದ್ದ ಮೇಲೆ ಕಬ್ಬು, ಕಬ್ಬಿದ್ದ ಮೇಲೆ ಬೆಲ್ಲ. ಮೊದಲು ಒಬ್ಬರು ಆಲೆಮನೆ ಹಾಕಿದರು. ಅವರ ಮನೆಗೆ ತಾರಸಿ ಬಿತ್ತು. ತಾರಸಿ ಕಂಡ ಮರುವರ್ಷವೇ ಇನ್ನು ಮೂವರು ಆಲೆಮನೆ ಹಾಕಿದರು, ಅದರ ಮುಂದಿನ ವರ್ಷ ನನ್ನ ದೊಡ್ಡಪ್ಪನೂ ಹಾಕಿದ. ಬೇರೆ ಏನಾದರೂ ಮಾಡೋಣ ಎಂದು ನಮ್ಮೂರಲ್ಲಿ ಯಾರಾದರೂ ಬಾಯಿಬಿಟ್ಟಿದ್ದರೆ ಅವನಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು.

ಹೀಗಾಗಿ ಇಡೀ ಊರಿಗೆ ಇದ್ದದ್ದು ಒಂದೇ ಜೇಬು. ಬೆಲ್ಲದ ವ್ಯಾಪಾರ ಚೆನ್ನಾಗಿದ್ದರೆ ಎಲ್ಲರೂ ಒಟ್ಟಿಗೆ ಕ್ಷೌರ ಮಾಡಿಸುತ್ತಿದ್ದರು, ಚೆನ್ನಾಗಿಲ್ಲದಿದ್ದರೆ ಎಲ್ಲರೂ ಒಟ್ಟಿಗೆ ಗಡ್ಡ ಬಿಡುತ್ತಿದ್ದರು. ಹೊಸಬರು ಬಂದರೆ ಊರಿನ ಗಂಡಸರ ಮುಖ ನೋಡಿಯೇ ಮಾರುಕಟ್ಟೆಯ ಧಾರಣೆ ತಿಳಿಯಬಹುದಿತ್ತು. ಹೋಟೆಲಿನವರು ಕೂಡ ಬೆಲ್ಲದ ಗಾಡಿ ಹೊರಡುವವರೆಗೆ ಚಟ್ನಿ ನೀರಾಗಿಯೇ ಮಾಡುತ್ತಿದ್ದರು.

ಆಗ ಅಕ್ಕನಿಗೆ ನಾಗಮಂಗಲದ ಕಡೆಯಿಂದ ಒಂದು ಗಂಡು ಬಂತು. ನಾಗಮಂಗಲ ಅಂದ ಕೂಡಲೇ ನಮ್ಮಪ್ಪನ ಮುಖ ಅರ್ಧ ಸೊಟ್ಟಗಾಯಿತು. ಅಲ್ಲಿ ನಾಲೆಯಿಲ್ಲ, ಮಳೆ ನಂಬಿದ ಬೇಸಾಯ. ಆದರೂ ಹುಡುಗ ಒಳ್ಳೆಯವನೆಂದು ನೆಂಟರೊಬ್ಬರು ಬಹಳ ಹೇಳಿದ್ದರಿಂದ ಮನೆ ನೋಡಲು ಹೊರಟರು. ಅಪ್ಪ, ದೊಡ್ಡಪ್ಪ, ಆ ನೆಂಟರು, ಒಟ್ಟು ಮೂವರಾದರು. ಶುಭಕಾರ್ಯಕ್ಕೆ ಮೂವರು ಹೋಗಬಾರದೆಂದು ನಾಲ್ಕನೆಯವನಾಗಿ ನನ್ನನ್ನೂ ಎಳೆದುಕೊಂಡರು. ನಾನಾಗ ಪೇಟೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಅರ್ಥಶಾಸ್ತ್ರದ ವಿದ್ಯಾರ್ಥಿ. ಲೆಕ್ಕಕ್ಕೆ ಮಾತ್ರ ಬಂದವನೆಂದು ನನಗೆ ತಿಳಿಯಲೇ ಇಲ್ಲ, ಸಲಹೆಗೆ ಕರೆದಿದ್ದಾರೆಂದು ಕಾಲರು ಸರಿಮಾಡಿಕೊಂಡು ಹೋದೆ.

ನಮ್ಮ ಕಡೆ ಗಂಡಿನ ಮನೆ ನೋಡುವುದಕ್ಕೆ ಒಂದು ಕ್ರಮವಿದೆ. ಗಂಡಿನ ಮುಖ ಆಮೇಲೆ. ಮೊದಲು ತಿಪ್ಪೆ ನೋಡಬೇಕು, ದೊಡ್ಡದಿದ್ದರೆ ದನಕರು ಚೆನ್ನಾಗಿವೆ ಎಂದರ್ಥ. ಆಮೇಲೆ ಹುಲ್ಲಿನ ಮೆದೆ, ಆಮೇಲೆ ಜಗಲಿ. ಜಗಲಿಯ ಮೇಲೆ ಎಷ್ಟು ಜನ ನಿಶ್ಚಿಂತೆಯಿಂದ ಕೂತಿದ್ದಾರೆ ಎಂಬುದರಿಂದ ಮನೆಯ ಅನುಕೂಲ ತಿಳಿಯುತ್ತದೆ. ಆ ಮನೆಯಲ್ಲಿ ತಿಪ್ಪೆ ಸಾಧಾರಣ, ಮೆದೆ ಅದಕ್ಕಿಂತ ಸಾಧಾರಣ. ಜಗಲಿಯ ಮೇಲಂತೂ ಕೂರಲು ಜಾಗವೇ ಇರಲಿಲ್ಲ. ಅಲ್ಲಿ ಹುಡುಗನ ಅಣ್ಣ ಹೊಲಿಗೆ ಮಿಷನ್ನು ಇಟ್ಟುಕೊಂಡು ಊರವರ ರವಿಕೆ ಹೊಲಿಯುತ್ತಿದ್ದ. ಹುಡುಗ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ. ಒಳಗೆ ನಡುಮನೆಯ ತುಂಬ ರೇಷ್ಮೆ ಹುಳು. ಹುಡುಗನ ತಾಯಿ ನಮಗೆ ನೀರು ಕೊಟ್ಟು, ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಮತ್ತೆ ಒಳಗೆ ಹೋದರು. ಹಿತ್ತಲಿನಲ್ಲಿ ಕುರಿ, ಅಟ್ಟದ ಮೇಲೆ ಕೊಬ್ಬರಿ.

ದೊಡ್ಡಪ್ಪ ಹುಡುಗನ ತಂದೆಯನ್ನು ಕೇಳಿದ, ತಮ್ಮ ಮನೆಯ ಕಸುಬು ಯಾವುದು ಎಂದು. ಆ ಮನುಷ್ಯ ತಲೆ ಕೆರೆದುಕೊಂಡು, ತಮಾಷೆಯ ಸುಳಿವೇ ಇಲ್ಲದೆ ಕೇಳಿದರು:

"ಯಾವ್ ತಿಂಗ್ಳು ಕೇಳ್ತಿದ್ದೀರಿ ಯಜಮಾನ್ರೇ?"

ಬಸ್ಸಿನಲ್ಲಿ ವಾಪಸು ಬರುವಾಗ ಈ ಮಾತನ್ನು ಹೇಳಿಕೊಂಡು ನಾವು ನಕ್ಕಿದ್ದೇ ನಕ್ಕಿದ್ದು. ಹತ್ತು ಕೆಲಸ ಮಾಡುವವನಿಗೆ ಒಂದೂ ಕೆಲಸ ಬರುವುದಿಲ್ಲ ಎಂದು ದೊಡ್ಡಪ್ಪ ತೀರ್ಪು ಕೊಟ್ಟ. ಮನೆಗೆ ಬಂದು ಅಪ್ಪ ಆ ಮನೆಯ ಕಸುಬುಗಳನ್ನು ಒಂದೊಂದಾಗಿ ಬೆರಳು ಮಡಿಸುತ್ತಾ ಹೇಳಿದರು. ಅವ್ವ ನಕ್ಕಳು. ಅಕ್ಕ ನಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದವಳು ಒಂದೇ ಒಂದು ಪ್ರಶ್ನೆ ಕೇಳಿದಳು.

"ಆ ಮನೇಲಿ ಸುಮ್ನೆ ಕುಂತಿರೋರು ಯಾರೂ ಇರ್ನಿಲ್ವಾ?"

"ಒಬ್ರೂ ಕುಂತಿರ್ನಿಲ್ಲ ಕಣವ್ವ," ಎಂದರು ಅಪ್ಪ, ಅದೊಂದು ದೊಡ್ಡ ಕೊರತೆ ಎಂಬಂತೆ.

"ಅಂಗಾದ್ರೆ ಅಲ್ಗೇ ಕೊಡಿ."

ಮದುವೆಯ ವಿಷಯದಲ್ಲಿ ಹೆಣ್ಣು ಬಾಯಿಬಿಟ್ಟದ್ದು ನಮ್ಮ ಮನೆತನದಲ್ಲಿ ಅದೇ ಮೊದಲಿರಬೇಕು. ಅಪ್ಪನಿಗೆ ಬಯ್ಯುವುದೋ ಒಪ್ಪುವುದೋ ತೋಚಲಿಲ್ಲ. ಮಗಳೆಂದರೆ ಪ್ರಾಣ ಅವರಿಗೆ. ಸುತ್ತ ನೋಡಿ ಕೊನೆಗೆ ನನ್ನತ್ತ ತಿರುಗಿ, "ನೀನು ಓದೋನು. ನೀನೇ ಯೋಳ್ಲಾ," ಅಂದರು.

ಅಯ್ಯೋ, ಆ ಗಳಿಗೆಯಲ್ಲಿ ನನ್ನ ನಾಲಿಗೆಗೆ ಏನಾದರೂ ಆಗಿದ್ದರೆ ಚೆನ್ನಾಗಿತ್ತು. ಕಾಲೇಜಿನಲ್ಲಿ ಆ ವಾರವಷ್ಟೇ ನಮಗೆ ಶ್ರಮವಿಭಜನೆಯ ಪಾಠವಾಗಿತ್ತು. ಒಬ್ಬನು ಒಂದೇ ಕೆಲಸ ಮಾಡಿದರೆ ಕೈ ಪಳಗುತ್ತದೆ, ಉತ್ಪಾದನೆ ಹೆಚ್ಚುತ್ತದೆ, ದೇಶ ಮುಂದುವರಿಯುತ್ತದೆ. ನಾನು ಎದ್ದು ನಿಂತು, ಹೌದು, ನಿಜವಾಗಿಯೂ ಎದ್ದು ನಿಂತು, ಅದನ್ನೆಲ್ಲ ಒಪ್ಪಿಸಿದೆ. ಆ ಮನೆಯವರು ಹಿಂದುಳಿದವರು, ನಾವು ಮುಂದುವರಿದವರು ಎಂದು ಮುಗಿಸಿದೆ. ಅಪ್ಪನ ಮುಖ ಅರಳಿತು. ಅಕ್ಕ ಒಳಗೆ ಹೋಗಿ ರಾಗಿ ಹಿಟ್ಟು ಜರಡಿ ಹಿಡಿಯತೊಡಗಿದಳು. ಕಸುಬು ಹಲವಿದ್ದರೆ ಒಂದು ಬಿದ್ದಾಗ ಇನ್ನೊಂದು ಕೈ ಹಿಡಿಯುತ್ತದೆ ಎಂಬ ಪಾಠ ನಮಗೆ ಮುಂದಿನ ವಾರ ಆಯಿತು. ಅಷ್ಟರಲ್ಲಿ ನಾಗಮಂಗಲದವರಿಗೆ ಬೇಡವೆಂದು ಹೇಳಿ ಕಳಿಸಿಯಾಗಿತ್ತು.

ಅಕ್ಕನನ್ನು ಸಿಂಧಘಟ್ಟದ ಆಚೆ ಒಂದು ಹಳ್ಳಿಗೆ ಕೊಟ್ಟೆವು. ಭರ್ತಿ ಕಬ್ಬಿನ ಮನೆ, ಸ್ವಂತ ಆಲೆಮನೆ. ಜಗಲಿಯ ಮೇಲೆ ಐದು ಜನ ಗಂಡಸರು ನಿಶ್ಚಿಂತೆಯಿಂದ ಕೂತಿದ್ದರು. ತಿಪ್ಪೆ ನೋಡಿ ಅಪ್ಪನಿಗೆ ಕಣ್ಣು ತುಂಬಿ ಬಂತು.

ಮದುವೆಯಾದ ಎರಡನೇ ವರ್ಷ ಬೆಲ್ಲದ ಧಾರಣೆ ನೆಲಕಚ್ಚಿತು. ಆಲೆಮನೆಗಳ ಒಲೆ ಆರಿದವು. ನಮ್ಮೂರಲ್ಲಿ ಎಲ್ಲರೂ ಗಡ್ಡ ಬಿಟ್ಟರು, ಅಕ್ಕನ ಊರಲ್ಲೂ ಬಿಟ್ಟರು. ಅವಳ ಮನೆಯ ಜಗಲಿಯ ಮೇಲಿದ್ದ ಐವರು ಅಲ್ಲಿಂದ ಏಳಲಿಲ್ಲ, ಇಸ್ಪೀಟು ಎಲೆಗಳನ್ನು ಮಾತ್ರ ತರಿಸಿಕೊಂಡರು. ಭಾವ ಒಳ್ಳೆಯವರೇ. ಆದರೆ ಕಬ್ಬು ಬಿಟ್ಟರೆ ಜಗತ್ತಿನಲ್ಲಿ ಬೇರೊಂದು ಗಿಡ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಗ ಅಕ್ಕ, ಡೈರಿಗೆ ಹಾಲು ಹಾಕುತ್ತೇನೆ ಅಂದಳು. ಅವಳ ಅತ್ತೆ ಒಂದು ಹೊತ್ತು ಊಟ ಬಿಟ್ಟರು. ಹಾಲು ಹಂಚುವ ಮನೆ ತಮ್ಮದು, ಮಾರುವ ಮನೆಯಲ್ಲ. ಸೊಸೆ ಕ್ಯಾನು ಹಿಡಿದು ಬೀದಿಗಿಳಿದರೆ ಸತ್ತವರು ಎದ್ದು ಬಂದು ಉಗಿಯುತ್ತಾರೆ.

ಮರುದಿನ ಹೊಟ್ಟೆ ಹಸಿದ ಮೇಲೆ ಅವರೇ ಒಂದು ದಾರಿ ತೋರಿಸಿದರು. ಮಾರುವುದೇ ಆದರೆ ಯಾರಿಗೂ ಕಾಣಬಾರದು. ಬೆಳಕು ಹರಿಯುವ ಮುಂಚೆ, ಹಿತ್ತಲ ಬಾಗಿಲಿನಿಂದ, ಬೇಲಿಯ ಮಗ್ಗುಲ ಓಣಿಯಲ್ಲಿ ಹೋಗಿ ಬರಬೇಕು. ಅಕ್ಕ ಸೆರಗಿನ ಕೆಳಗೆ ಕ್ಯಾನು ಮುಚ್ಚಿಕೊಂಡು ಹೊರಟಳು. ಓಣಿಯ ತಿರುವಿಗೆ ಹೋಗುವಷ್ಟರಲ್ಲಿ ಎದುರುಮನೆಯ ಸೊಸೆ ಸಿಕ್ಕಳು, ಅವಳ ಸೆರಗಿನ ಕೆಳಗೂ ಒಂದು ಕ್ಯಾನು. ಅವಳ ಹಿಂದೆ ಪಟೇಲರ ಮನೆಯ ಸೊಸೆ. ಊರಿನ ಮಾನವಂತರ ಮನೆಯ ಸೊಸೆಯರೆಲ್ಲ ತಿಂಗಳಿಂದ ಅದೇ ಓಣಿಯಲ್ಲಿ ಡೈರಿಗೆ ಹೋಗುತ್ತಿದ್ದರಂತೆ. ಬೀದಿ ಖಾಲಿ ಖಾಲಿ, ಓಣಿಯಲ್ಲಿ ನಡೆಯಲು ಜಾಗವಿಲ್ಲ. ಊರಿನ ಮರ್ಯಾದೆಯೆಲ್ಲ ಜಗಲಿಯ ಮೇಲೆ, ಊರಿನ ಅನ್ನವೆಲ್ಲ ಹಿತ್ತಲಲ್ಲಿ. ಅಕ್ಕ ಇದನ್ನು ನನಗೆ ಹೇಳಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗುವಾಗ ಅವಳ ಕೈ ನೋಡಿದೆ. ಬೆರಳ ಸಂದಿಯೆಲ್ಲ ಒಡೆದಿತ್ತು. ನಾಗಮಂಗಲದ ಆ ಮನೆಯಲ್ಲಿಯೂ ಅವಳು ದುಡಿಯಬೇಕಾಗಿತ್ತು, ಸುಳ್ಳೇಕೆ. ಆದರೆ ಅಲ್ಲಿ ಜೊತೆಗೆ ದುಡಿಯುವವರಿದ್ದರು, ಕದ್ದು ದುಡಿಯಬೇಕಾಗಿರಲಿಲ್ಲ. ಅವಳಿಗೆ ಅದು ಒಂದೇ ಪ್ರಶ್ನೆಯಲ್ಲಿ ತಿಳಿದಿತ್ತು. ನನಗೆ ಅವತ್ತು ಆದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಲ್ಲಿಂದಾಚೆಗೆ ಅಕ್ಕ ಆ ಮನೆಯನ್ನು ಸ್ವಲ್ಪ ಸ್ವಲ್ಪವಾಗಿ ಕೆಡಿಸಿದಳು. ಒಂದು ಹಸು ಮೂರಾದವು. ಗದ್ದೆಯ ಮೂಲೆಯಲ್ಲಿ ಹಿಪ್ಪುನೇರಳೆ ನೆಟ್ಟಳು. ಭಾವನ ತಮ್ಮನನ್ನು ಜಗಲಿಯಿಂದೆಬ್ಬಿಸಿ ಟ್ರಾಕ್ಟರು ರಿಪೇರಿ ಕಲಿಯಲು ಅಟ್ಟಿದಳು. ಊಟ ಬಿಟ್ಟಿದ್ದ ಅತ್ತೆಯೇ ಕೊನೆಗಾಲದಲ್ಲಿ, ನಮ್ಮ ಹಸುವಿನ ಹಾಲಿಗಿರುವಷ್ಟು ಫ್ಯಾಟು ಊರಲ್ಲಿ ಯಾರ ಮನೆಯದಕ್ಕೂ ಇಲ್ಲ ಎಂದು ಬೀದಿಯಲ್ಲೇ ನಿಂತು ಹೇಳಿಕೊಳ್ಳುತ್ತಿದ್ದರು. ನಾನೋ, ಅರ್ಥಶಾಸ್ತ್ರದ ಮೇಷ್ಟ್ರಾದೆ. ಶ್ರಮವಿಭಜನೆಯನ್ನು ಒಂದು ವಾರ, ಇನ್ನೊಂದು ಪಾಠವನ್ನು ಅದರ ಮುಂದಿನ ವಾರ ಮಾಡಿಕೊಂಡು ವರ್ಷಗಳನ್ನು ದೂಡಿದೆ. ನಾನು ಮಾತ್ರ ಒಂದೇ ಕಸುಬಿನವನು.

ಮೊನ್ನೆ ಅಕ್ಕನ ಮನೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಹುಡುಗನಿಗೆ ಮೈಸೂರಿನಲ್ಲಿ ಕಾರ್ಖಾನೆ ಕೆಲಸ, ಖಾಯಂ, ಒಂದೇ ಸಂಬಳ, ತಿಂಗಳ ಮೊದಲ ದಿನವೇ ಬರುತ್ತದೆ. ಭಾವನಿಗೆ ಮನಸ್ಸು ಪೂರ್ತಿ ಅಲ್ಲೇ ಇತ್ತು. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಅಕ್ಕನ ಮಗಳು ರೂಪ ಬಾಗಿಲ ಹತ್ತಿರ ನಿಂತಿದ್ದಳು. ಭಾವ ವಿಷಯವನ್ನೆಲ್ಲ ಹೇಳಿ, "ನೀನು ಮೇಷ್ಟ್ರು. ನೀನೇ ಯೋಳಪ್ಪ," ಎಂದು ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡೆ. ದೇವರಾಣೆ, ಈ ಸಲ ಸರಿಯಾದ ಪಾಠವನ್ನೇ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಒಂದಲ್ಲ, ಹತ್ತು ಮಾತು ತಯಾರಿದ್ದವು.

"ಅವುನ್ನ ಯಾಕ್ ಕೇಳ್ತೀರಿ," ಅಂದಳು ಅಕ್ಕ, ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸದೆ. "ಅವ್ಳನ್ನ ಕೇಳಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಚಾಪೆಯ ಮೇಲೆ ಆ ಹುಡುಗಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ಕೂತೆ.