ಸಾಹೇಬರ ಒದ್ದೆ ಕಾಲುಚೀಲ

ವರ್ತೂರಿನಲ್ಲಿ ಬಾಡಿಗೆಗಿದ್ದು ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಗೆ ಹೋಗಿಬರುತ್ತಿದ್ದ ವರ್ಷಗಳಲ್ಲಿ ನನ್ನ ಹತ್ತಿರ ಒಂದು ಹಳೆಯ ಕಾರಿತ್ತು. ನಾನು ಅದರ ಮೂರನೆಯ ಯಜಮಾನ. ತಪಾಸಣೆ ವಿಭಾಗದ ನಮ್ಮ ಸಾಹೇಬರಿಗೂ ಕಾರಿತ್ತು, ಹೊಚ್ಚ ಹೊಸದು. ಧೂಳು ಕೂರಬಾರದೆಂದು ಅದನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹೊದಿಕೆ ಹೊದಿಸಿ ಮಲಗಿಸಿ, ಅವರು ದಿನಾ ನನ್ನ ಕಾರಿನಲ್ಲಿ ಬರುತ್ತಿದ್ದರು.

ಮುಂದಿನ ಸೀಟು ಅವರದು. ಹತ್ತಿದ ಕೂಡಲೇ ಬೂಟು ಬಿಚ್ಚಿಟ್ಟು ಕಾಲು ಚಾಚುವುದು ಅವರ ಪದ್ಧತಿ. ಆಮೇಲೆ ದಾರಿಯುದ್ದಕ್ಕೂ ನನಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದರು. ಎದುರಿಗೆ ಹಸು ಕಂಡರೆ ‘ಹಸು’ ಎನ್ನುತ್ತಿದ್ದರು. ನೀರಿನ ಟ್ಯಾಂಕರ್ ಕಂಡರೆ ‘ಟ್ಯಾಂಕರ್’ ಎನ್ನುತ್ತಿದ್ದರು. ನನಗೂ ಎರಡು ಕಣ್ಣಿವೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಇನ್‌ಕ್ರಿಮೆಂಟಿನ ಕಾಗದಕ್ಕೆ ಸಹಿ ಹಾಕುವವರು ಅವರೇ.

ಒಂದು ಬೆಳಿಗ್ಗೆ ಅವರು ಪಾಠವನ್ನು ಅರ್ಧಕ್ಕೇ ನಿಲ್ಲಿಸಿ ಬಲಗಾಲನ್ನು ಎತ್ತಿ ನೋಡಿಕೊಂಡರು. ಕಾಲುಚೀಲ ತೊಯ್ದಿತ್ತು. ಮುಟ್ಟಿ ನೋಡಿದರು. ಬೆಚ್ಚಗಿತ್ತು.

“ನಿಮ್ಮ ಮಗು ಈಗ ತಾನೆ ಇಲ್ಲಿ ಕೂತಿತ್ತೇನ್ರೀ?” ಎಂದು ಮೆಲ್ಲಗೆ ಕೇಳಿದರು.

ನನ್ನ ಮಗಳಿಗೆ ಆಗ ಎರಡು ವರ್ಷ. ಪಾಪ, ಅವಳು ಎದ್ದೇ ಇರಲಿಲ್ಲ. ಆದರೂ ಬೇರೇನೂ ತೋಚದೆ “ಹೌದು ಸಾರ್” ಎಂದುಬಿಟ್ಟೆ. ಸಾಹೇಬರು ಕಾಲನ್ನು ಸೀಟಿನ ಮೇಲಕ್ಕೆ ಎಳೆದುಕೊಂಡರು. ಸಂಜೆ ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕೂತರು. ಅಲ್ಲಿಂದ ಅವರಿಗೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಆ ಸಂಜೆ ನಾನು ಎಷ್ಟೋ ತಿಂಗಳ ಮೇಲೆ ಒಂದು ಹಸುವನ್ನು ನಾನೇ ನೋಡಿ, ನಾನೇ ಬ್ರೇಕ್ ಹಾಕಿದೆ.

ಸಾಹೇಬರನ್ನು ಇಳಿಸಿ ನೇರವಾಗಿ ವರ್ತೂರು ಕೋಡಿಯ ಮೆಕ್ಯಾನಿಕ್ ಬಳಿ ಹೋದೆ. ಆತ ಮೂಲತಃ ಅದೇ ಊರಿನವನು, ನಮ್ಮ ಬೀದಿಯ ಗಾಡಿಗಳಿಗೆಲ್ಲ ಅವನೇ ವೈದ್ಯ. ಮ್ಯಾಟ್ ಎತ್ತಿ ಬೆರಳದ್ದಿ ಮೂಸಿದ. ಸಿಹಿ ವಾಸನೆ, ಹಸಿರು ಬಣ್ಣ. ಎಂಜಿನ್ನನ್ನು ತಣ್ಣಗಿಡುವ ನೀರು, ಕೂಲೆಂಟ್ ಇದು ಎಂದ. ಡ್ಯಾಶ್‌ಬೋರ್ಡಿನ ಹಿಂದೆ ಚಿಕ್ಕ ರೇಡಿಯೇಟರಿನಂಥ ಒಂದು ಪೆಟ್ಟಿಗೆ ಇರುತ್ತದಂತೆ, ಹೀಟರ್ ಕೋರ್. ಎಂಜಿನ್ನಿನ ಬಿಸಿನೀರು ಅದರೊಳಗೆ ಹರಿದರೆ ಕಾರಿನೊಳಗೆ ಬಿಸಿಗಾಳಿ ಬರುತ್ತದೆ. ಅದು ತೂತಾಗಿತ್ತು. ಹೊಸದು ಹಾಕಬೇಕೆಂದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಬೆಂಗಳೂರಿನಲ್ಲಿ ಹೀಟರ್ ಯಾರಿಗೆ ಬೇಕು, ಎರಡು ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಅದನ್ನು ಬೈಪಾಸ್ ಮಾಡಿಬಿಡುತ್ತೇನೆ, ಐದು ನಿಮಿಷದ ಕೆಲಸ ಎಂದ.

ಆಮೇಲೆ ಬರುತ್ತೇನೆ ಎಂದು ಹೇಳಿ ಮನೆಗೆ ಬಂದೆ. ಹೋಗಲಿಲ್ಲ. ಬೆಳಿಗ್ಗೆ ಎದ್ದು ಒಂದಿಷ್ಟು ಕೂಲೆಂಟ್ ತುಂಬಿಸಿದರೆ ಆಯಿತು, ಸಾಹೇಬರು ಹಿಂದಿನ ಸೀಟಿನಲ್ಲೇ, ಇಡೀ ದಿನ ಶಾಂತಿ. ಹೀಗೇ ಮೂರು ವಾರ ಕಳೆಯಿತು. ಮಾಡುತ್ತಿರುವುದು ತಪ್ಪೆಂದು ನನಗೆ ಗೊತ್ತಿತ್ತು. ಸುಖವಾಗಿಯೂ ಇತ್ತು.

ಆದರೆ ಹಿಂದೆ ಕೂತರೆ ಸಾಹೇಬರಿಗೆ ತಲೆ ಸುತ್ತುತ್ತಿತ್ತು. ನಾಲ್ಕನೆಯ ವಾರದ ಸೋಮವಾರ ಮತ್ತೆ ಮುಂದೆ ಹತ್ತಿ, ಬೂಟು ಬಿಚ್ಚಿ, ಜೇಬಿನಿಂದ ಬ್ರೆಡ್ಡಿನ ಕವರ್ ತೆಗೆದು ಬಲಗಾಲಿಗೆ ಹಾಕಿಕೊಂಡು ರಬ್ಬರ್ ಬ್ಯಾಂಡ್ ಬಿಗಿದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೆಮ್ಮಿದೆ.

ಆ ಗುರುವಾರ ತುಂತುರು ಮಳೆ. ಕೊಳಚೆ ಸೇರಿ ಉಕ್ಕುತ್ತಿದ್ದ ವರ್ತೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬರುತ್ತಿತ್ತು. ಕೋಡಿಯ ಹತ್ತಿರ ಬುಸ್ಸೆಂದು ಸದ್ದಾಗಿ, ಮುಂದಿನ ಗಾಜು ಒಂದೇ ಸಲಕ್ಕೆ ಬೆಳ್ಳಗಾಯಿತು.

“ನೊರೆ,” ಎಂದರು ಸಾಹೇಬರು.

ಕಾರು ಪಕ್ಕಕ್ಕೆ ನಿಲ್ಲಿಸಿದೆ. ಅವರು ಬ್ರೆಡ್ಡಿನ ಕವರಿನ ಕಾಲಿನಲ್ಲೇ ಇಳಿದು ಕರವಸ್ತ್ರದಿಂದ ಗಾಜು ಒರೆಸತೊಡಗಿದರು. ಎಷ್ಟು ಒರೆಸಿದರೂ ಹೋಗುತ್ತಿಲ್ಲ. ಹೋಗುವುದಾದರೂ ಹೇಗೆ, ಹಬೆ ಕೂತಿದ್ದು ಗಾಜಿನ ಒಳಗಡೆ. ನಾನು ಒಳಗಿನಿಂದ ಬೆರಳಲ್ಲಿ ಒಂದು ಗೆರೆ ಎಳೆದೆ. ಆ ಗೆರೆಯಲ್ಲಿ ಅವರ ಒಂದು ಕಣ್ಣು ನನ್ನನ್ನು ನೋಡಿತು.

ಕಾರನ್ನು ತಳ್ಳಿಕೊಂಡು ಹೋದದ್ದು ಅದೇ ಮೆಕ್ಯಾನಿಕ್ ಬಳಿಗೆ. ಬೇರೆ ಕಡೆ ಹೋಗೋಣವೆಂದರೆ ಬೇರೆ ಯಾರೂ ಅಷ್ಟು ಹತ್ತಿರ ಇರಲಿಲ್ಲ. ಆತ ಬಾಗಿಲು ತೆಗೆದು ನೋಡಿ, ಸಾಹೇಬರ ಮುಂದೆಯೇ ಹೇಳಿದ: “ಓದ್ ತಿಂಗ್ಳೇ ಯೋಳಿದ್ನಲ್ಲ ಸಾರ್, ಈಟರ್ ತೂತಾಗದೆ ಅಂತ. ನೀವು ತಿರ್ಗಿ ಬರ್ಲೇ ಇಲ್ಲ.”

ಸಾಹೇಬರು ಕಾಲಿನ ಕವರನ್ನು ಬಿಚ್ಚಿ, ಮಡಚಿ ಜೇಬಿಗಿಟ್ಟುಕೊಂಡರು.

“ಅಂದ್ರೆ, ಮಗು ಅಲ್ಲ,” ಎಂದರು.

ನಾನು ನೆಲ ನೋಡಿದೆ. ಇನ್‌ಕ್ರಿಮೆಂಟ್ ಕಣ್ಣ ಮುಂದೆಯೇ ಆವಿಯಾಗುತ್ತಿತ್ತು. ಮೆಕ್ಯಾನಿಕ್ ಬೈಪಾಸಿನ ಮಾತು ಎತ್ತಿದ. ಸಾಹೇಬರು ಬೇಡವೆಂದರು. ಇರುವ ಭಾಗ ಇರುವ ಜಾಗದಲ್ಲಿ ಕೆಲಸ ಮಾಡಬೇಕು, ಕೋರ್ ಎಲ್ಲಿಂದಾದರೂ ತರಿಸು, ಹಾಕುವುದು ನಾನೇ, ಭಾನುವಾರ ಇವರ ಮನೆಯಲ್ಲಿ ಎಂದು ಅಪ್ಪಣೆ ಕೊಟ್ಟರು. ನನ್ನನ್ನು ಯಾರೂ ಕೇಳಲಿಲ್ಲ.

ಹೊಸಕೋಟೆ ಕಡೆಯ ಒಂದು ಗುಜರಿಯಲ್ಲಿ ಕೋರ್ ಸಿಕ್ಕಿತು. ಭಾನುವಾರ ಬೆಳಿಗ್ಗೆ ಸಾಹೇಬರು ಹಳೆಯ ಖಾಕಿ ಪ್ಯಾಂಟು ತೊಟ್ಟು, ಒಂದು ಕಬ್ಬಿಣದ ಪೆಟ್ಟಿಗೆ ಹಿಡಿದು ಬಂದರು. ಮೊದಲು ನನ್ನ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಕೈಗೆ ಚಾಕಲೇಟ್ ಕೊಟ್ಟು, “ತಪ್ಪಾಯ್ತಮ್ಮ, ಸುಮ್ನೆ ನಿನ್ನ ಮೇಲೆ ಅನುಮಾನ ಪಟ್ಟೆ” ಎಂದರು. ಹೇಳಿದ್ದು ಅವಳಿಗೆ, ನೋಡಿದ್ದು ನನ್ನನ್ನು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಗೆ ಅಲ್ಲೇ ಎಲ್ಲ ಅರ್ಥವಾಯಿತು.

ಪೆಟ್ಟಿಗೆ ತೆರೆದ ಮೇಲೆ ಅವರು ಬೇರೆಯೇ ಮನುಷ್ಯ. ಮೊದಲು ಕೆಲಸಕ್ಕೆ ಸೇರಿದ್ದು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿಯಂತೆ. ನನಗೆ ಗೊತ್ತೇ ಇರಲಿಲ್ಲ. ಪ್ರತಿ ಸ್ಕ್ರೂವನ್ನೂ ಇಡ್ಲಿ ತಟ್ಟೆಯ ಒಂದೊಂದು ಕುಳಿಯಲ್ಲಿ ಇಟ್ಟರು, ತಟ್ಟೆ ನಮ್ಮದು. ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ, ಸೀಟಿನ ಮೇಲೆ ಕಾಲು ಮಾಡಿಕೊಂಡು ಟಾರ್ಚ್ ಹಿಡಿದೆ. ಹಳೆಯ ಪೈಪು ಎಳೆದಾಗ ಉಳಿದಿದ್ದ ಕೂಲೆಂಟ್ ನೇರವಾಗಿ ನನ್ನ ಕಿವಿಗೆ ಇಳಿಯಿತು. ಎಳೆಯುವ ಮುಂಚೆ ಸಾಹೇಬರು ಎಚ್ಚರಿಕೆ ಕೊಡಬಹುದಿತ್ತು. ದಿನಾ ಹಸುವಿನ ಬಗ್ಗೆ ಕೊಡುತ್ತಿದ್ದ ಮನುಷ್ಯ, ಅಂದು ಕೊಡಲಿಲ್ಲ. ತಂದ ಕೋರನ್ನು ನಮ್ಮ ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿ, ಒಂದು ನಳಿಕೆಗೆ ಹೆಬ್ಬೆರಳು ಒತ್ತಿ ಇನ್ನೊಂದಕ್ಕೆ ಬಾಯಿಟ್ಟು ಊದಿದರು. ಒಂದು ಗುಳ್ಳೆಯೂ ಬರಲಿಲ್ಲ. ಮಗಳು ಚಪ್ಪಾಳೆ ತಟ್ಟಿದಳು.

ಎಲ್ಲ ಜೋಡಿಸುವಷ್ಟರಲ್ಲಿ ಮಧ್ಯಾಹ್ನವಾಗಿ ಬಿಸಿಲು ಚುರುಗುಟ್ಟುತ್ತಿತ್ತು. ಈಗ ಪರೀಕ್ಷೆ ಎಂದರು. ಕಿಟಕಿಗಳನ್ನೆಲ್ಲ ಮುಚ್ಚಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಹತ್ತು ನಿಮಿಷ ಇಬ್ಬರೂ ಒಳಗೆ ಕೂರಬೇಕು, ಇದು ನಿಯಮ. ಬೆಂದ ಬದನೆಕಾಯಿಯಂತಾದೆ. ಅವರೂ ಬೆವರುತ್ತಿದ್ದರು, ಆದರೆ ವಾಚು ನೋಡುತ್ತ ನಗುತ್ತಿದ್ದರು. ನಗು ಒಮ್ಮೆ ಶುರುವಾದದ್ದು ಇಬ್ಬರಿಗೂ ನಿಲ್ಲಲಿಲ್ಲ.

ಅಂದು ನಮ್ಮಲ್ಲೇ ಉಂಡರು, ಮೂರು ಮುದ್ದೆ. ಕೈಬೆರಳ ಸಂದಿಯ ಮಸಿಯನ್ನು ಎರಡೆರಡು ಸಲ ನೋಡಿಕೊಂಡರು. ಆಫೀಸಿನಲ್ಲಿ ಕೂತು ಕೂತು ಈ ಕೈ ಏನಕ್ಕಿದೆ ಅನ್ನುವುದೇ ಮರೆತುಹೋಗಿತ್ತು ಎಂದರು. ಇನ್‌ಕ್ರಿಮೆಂಟಿಗೆ ಏನೂ ಆಗಲಿಲ್ಲ. ಹಸುಗಳ ಹೆಸರು ಹೇಳುವುದೂ ನಿಲ್ಲಲಿಲ್ಲ.

ಮುಂದಿನ ಶನಿವಾರ ಅವರ ಫೋನು ಬಂತು. ಕಾರು ಹೇಗಿದೆ, ಬೇರೆಲ್ಲಾದರೂ ಸೋರುತ್ತಿದೆಯೇ ಎಂದು ಕೇಳಿದರು. ಇಲ್ಲ ಸಾರ್, ಚೆನ್ನಾಗಿದೆ ಎಂದೆ. ಹಾಗಾದರೆ ಸರಿ ಎಂದರು, ಫೋನು ಮಾತ್ರ ಇಡಲಿಲ್ಲ.

“ಸ್ಟೇರಿಂಗ್ ಹತ್ರ ಏನೋ ಸದ್ದು ಬರ್ತಿದೆ ಸಾರ್,” ಎಂದೆ.

ಅಂಥ ಸದ್ದೇನೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಬರುತ್ತೇನೆ ಎಂದರು.